ಮೂರು ಕಂಪ್ಯೂಟರಿಗೊಂದು ನಿಘಂಟು

ಮೊನ್ನೆ ಅನ್ವರ್ ನನ್ನ ಹಳೆಯ ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಒಳಗಿನ ಧೂಳನ್ನೆಲ್ಲ ಊದಿ, ಮತ್ತೆ ಚಾಲೂ ಮಾಡಿದ. ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಯಾರ ಕಂಪ್ಯೂಟರು ಮುನಿಸಿಕೊಂಡರೂ ಬರುವವನು ಅವನೇ. ಪರದೆಯ ಮೇಲೆ ಸಾಲುಸಾಲಾಗಿ ಏನೇನೋ ಮೇಲೇರಿ ಹೋಗುತ್ತಿತ್ತು. ಅದರಲ್ಲೊಂದು ಸಾಲಿನ ಮೇಲೆ ಬೆರಳಿಟ್ಟು, "ಸಾವ್ಕಾರ್ರೇ, ಇದೇನೋ ಡಿಕ್ಷನರಿ ಸರ್ವರ್ ಅಂತ ಓಡ್ತಾ ಐತಲ್ಲ, ಇದು ಬೇಕಾ ನಿಮ್ಗೆ? ಖಾಲಿಪೀಲಿ ಕುಂತೈತೆ. ತೆಗೆದ್ರೆ ಮಷೀನು ಹಗುರ ಆಗ್ತೈತೆ" ಎಂದ.

"ಹಾಕಿದವನು ನೀನೇ ಕಣಯ್ಯ" ಎಂದೆ.

"ನಾನಾ? ಯಾವ ಕಾಲ್ದಾಗೆ?"

"ನಿನಗೆ ಮೀಸೆ ಸರಿಯಾಗಿ ಬಂದಿರಲಿಲ್ಲ, ಆ ಕಾಲದಲ್ಲಿ. ಇರಲಿ ಬಿಡು."

ಅವನು ಯಾಕೆಂದು ಕೇಳಲಿಲ್ಲ. ಇನ್ನೂ ನಾಲ್ಕು ಅಂಗಡಿಗೆ ಹೋಗುವುದಿತ್ತು ಅವನಿಗೆ. ಕೇಳಿದ್ದರೂ ಒಂದೇ ಮಾತಿನಲ್ಲಿ ಹೇಳುವ ಕಥೆಯಲ್ಲ ಅದು. ನಿಮಗೆ ಪುರುಸೊತ್ತಿದ್ದ ಹಾಗೆ ಕಾಣುತ್ತದೆ, ಕೂತುಕೊಳ್ಳಿ.

ಮೊದಲು ಈ 'ಸಾವ್ಕಾರ್ರು' ಎಂಬುದನ್ನು ಬಿಡಿಸಿಬಿಡುತ್ತೇನೆ, ಇಲ್ಲದಿದ್ದರೆ ನೀವು ನನ್ನ ಬಗ್ಗೆ ಏನೇನೋ ಅಂದುಕೊಳ್ಳುತ್ತೀರಿ. ನಮ್ಮಪ್ಪನಿಗೆ ಕಡಲೆಕಾಯಿ ಎಣ್ಣೆಯ ಮಿಲ್ಲೊಂದಿತ್ತು. ನಮ್ಮೂರಿನಲ್ಲಿ ಅಪ್ಪನಿಗೆ ಮಿಲ್ಲಿದ್ದರೆ ಮಗ ಸಾಯುವವರೆಗೂ ಸಾವ್ಕಾರನೇ. ನಡುವೆ ಮಿಲ್ಲು ಮಾರಿಹೋಯಿತೇ, ಮಗ ಸೈಕಲ್ಲಿನಲ್ಲಿ ಓಡಾಡುತ್ತಾನೆಯೇ ಎಂಬುದನ್ನೆಲ್ಲ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಿಲ್ಲಿನಿಂದ ನನಗೆ ಉಳಿದದ್ದು ಎರಡೇ. ಒಂದು, ಯಾವ ಹೊಸ ಯಂತ್ರ ಕಂಡರೂ ಅದು ನನಗೆ ಬೇಕೇ ಬೇಕು ಅನ್ನಿಸುವ ಚಪಲ. ಇನ್ನೊಂದು, ಅಪ್ಪನ ದಪ್ಪನೆಯ ಇಂಗ್ಲಿಷ್-ಕನ್ನಡ ನಿಘಂಟು.

ಅಪ್ಪ ಜೀವಮಾನದಲ್ಲಿ ಓದಿದ ಇಂಗ್ಲಿಷ್ ಪುಸ್ತಕ ಒಂದೇ, ಎಣ್ಣೆ ತೆಗೆಯುವ ಯಂತ್ರದ ಜೊತೆ ಬಂದ ಕೈಪಿಡಿ. ಅದನ್ನು ಓದಲಿಕ್ಕೆಂದೇ ನಿಘಂಟು ತರಿಸಿದ್ದ. ನೋಡಿದ ಪದದ ಪಕ್ಕದಲ್ಲಿ ಕೆಂಪು ಪೆನ್ಸಿಲ್ಲಿನಿಂದ ಸಣ್ಣಗೆ ಗೀಟು ಹಾಕುತ್ತಿದ್ದ. ಹುಡುಕಿ ಹುಡುಕಿ ಪದ ಸಿಕ್ಕಾಗ ಅಲ್ಲಿ ಮೊದಲೇ ಗೀಟಿದ್ದರೆ ಮುಗಿಯಿತು, ತನ್ನ ಮೇಲೆ ತಾನೇ ರೇಗುತ್ತಿದ್ದ. "ಇದನ್ನ ಒಂದ್ಸಲ ನೋಡೀನಲ್ಲೋ! ಮತ್ತೆ ಮರ್ತೀನಿ. ಏನ್ ತಲೆನೋ ಇದು, ಸೋರೆಬುರುಡೆ." ರೇಗಿದ ಮೇಲೆ ಪಕ್ಕದಲ್ಲಿ ಇನ್ನೊಂದು ಗೀಟು ಹಾಕುತ್ತಿದ್ದ. ಕೆಲವು ಪದಗಳ ಪಕ್ಕ ಐದಾರು ಗೀಟುಗಳಿದ್ದವು. ನಿಘಂಟಿನ ಕೊನೆಯ ಕಾಲುಭಾಗವನ್ನು ಗೆದ್ದಲು ತಿಂದಿತ್ತು. ಆದ್ದರಿಂದ 'ಎಸ್' ದಾಟಿದ ಮೇಲಿನ ಯಾವ ಪದಕ್ಕೂ ನಮ್ಮ ಮನೆಯಲ್ಲಿ ಅರ್ಥ ಇರಲಿಲ್ಲ.

ಅರ್ಥ ಕೇಳಿ ಪೆಚ್ಚಾದ ನನ್ನ ಮೊದಲ ಅನುಭವ ಮನೆಯದಲ್ಲ, ಜಟಿಂಗ ರಾಮೇಶ್ವರದ ಬೆಟ್ಟದ್ದು. ಪ್ರೈಮರಿ ಶಾಲೆಯಿಂದ ನಮ್ಮನ್ನೆಲ್ಲ ಅಲ್ಲಿಗೆ ಹತ್ತಿಸಿದ್ದರು. ಏದುಸಿರು ಬಿಡುತ್ತಾ ಮೇಲೆ ಹೋದರೆ ಮೇಷ್ಟ್ರು ಒಂದು ಬಂಡೆ ತೋರಿಸಿ, "ಇದು ಅಶೋಕ ಚಕ್ರವರ್ತಿ ಬರೆಸಿದ್ದು ಕಣ್ರೋ" ಅಂದರು. "ಏನು ಬರೆದೈತೆ ಸಾರ್?" ಎಂದು ನಾನು ಕೇಳಿದೆ. ಮೇಷ್ಟ್ರು ಬಂಡೆಯನ್ನೂ ನನ್ನನ್ನೂ ಒಮ್ಮೆ ನೋಡಿ, "ತಂದೆ ತಾಯಿ ಮಾತು ಕೇಳ್ರಿ ಅಂತ ಬರೆದೈತೆ, ಮುಂದಕ್ಕೆ ನಡಿ" ಅಂದರು. ಅವರು ತಪ್ಪಿಸಿಕೊಳ್ಳಲು ಹೇಳಿದ್ದೆಂದು ಬಹಳ ವರ್ಷ ನಂಬಿದ್ದೆ. ಆಮೇಲೆ ಯಾವುದೋ ಪುಸ್ತಕದಲ್ಲಿ ನೋಡಿದರೆ ಶಾಸನದಲ್ಲಿ ನಿಜವಾಗಿಯೂ ಹಾಗೇ ಇದೆ! ಕೊನೆಯಲ್ಲಿ ಅದನ್ನು ಬರೆದವನು ತಾನು ಲಿಪಿಕಾರ ಎಂದೂ ಕೆತ್ತಿಕೊಂಡಿದ್ದಾನಂತೆ. ಅಂದರೆ ನಮ್ಮ ಕಸುಬಿನವನೇ.

ನಮ್ಮ ಕಸುಬೆಂದರೆ ಟೈಪಿಂಗ್ ಮತ್ತು ಭಾಷಾಂತರ. ಮಿಲ್ಲು ಕೈಬಿಟ್ಟ ಮೇಲೆ ನಾನು ಕೋರ್ಟಿನ ಹತ್ತಿರ ಒಂದು ಮಳಿಗೆ ಹಿಡಿದು ಮೊದಲು ಮೂರು ಟೈಪ್‌ರೈಟರ್ ಇಟ್ಟೆ, ತೊಂಬತ್ತರ ದಶಕದ ಕೊನೆಗೆ ಅವುಗಳ ಜಾಗದಲ್ಲಿ ಮೂರು ಕಂಪ್ಯೂಟರ್ ಇಟ್ಟೆ. ಬ್ಯಾಂಕಿನ ನೋಟೀಸು, ಕೋರ್ಟಿನ ನಕಲು, ರೇಷ್ಮೆ ಸೀರೆ ವ್ಯಾಪಾರಿಗಳು ಹೊರರಾಜ್ಯದ ಅಂಗಡಿಗಳಿಗೆ ಬರೆಸುವ ಕಾಗದ, ಎಲ್ಲವೂ ಬರುತ್ತಿದ್ದವು. ಒಂದು ಕಂಪ್ಯೂಟರಿನ ಮುಂದೆ ನಾನು. ಉಳಿದೆರಡರ ಮುಂದೆ ತಿಪ್ಪೇಸ್ವಾಮಿ ಮತ್ತು ಪದ್ಮಾವತಿ.

ತಿಪ್ಪೇಸ್ವಾಮಿ ಕೊಂಡ್ಲಹಳ್ಳಿಯವರು, ಆಗಲೇ ಐವತ್ತು ದಾಟಿದವರು, ಟೈಪ್‌ರೈಟರಿನ ಕಾಲದಿಂದ ನನ್ನ ಜೊತೆಗಿದ್ದವರು. ಕಲಿಯುವಾಗ ಕೈಗಳ ಮೇಲೆ ಬಟ್ಟೆ ಹೊದಿಸಿ ಕಲಿಸಿದ್ದರಂತೆ, ಹಾಗಾಗಿ ಕೀಲಿಗಳ ಕಡೆ ನೋಡಿದವರೇ ಅಲ್ಲ. ಕೆಲವೊಮ್ಮೆ ಕಣ್ಣು ಮುಚ್ಚಿಕೊಂಡೇ ಪುಟಗಟ್ಟಲೆ ಹೊಡೆಯುತ್ತಿದ್ದರು. ಬಂದ ಗಿರಾಕಿಗಳಿಗೆ ನಾನು, "ನೋಡಿ ನೋಡಿ, ಕಣ್ಣು ಮುಚ್ಚಿಕೊಂಡು ಹೊಡೀತಾರೆ, ಒಂದು ತಪ್ಪು ಹುಡುಕಿ ನೋಡೋಣ" ಎಂದು ಜಂಬ ಕೊಚ್ಚುತ್ತಿದ್ದೆ. ಆ ಕಣ್ಣುಗಳ ಬಗ್ಗೆ ನಾನು ಯೋಚಿಸಿದ್ದು ಅಷ್ಟೇ.

ಪದ್ಮಾವತಿ ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಅಲ್ಲಿನ ಅಂಚಿನ ಸೀರೆ ಒಬ್ಬರೇ ಕೂತು ನೇಯುವಂಥದ್ದಲ್ಲ. ಅಪ್ಪ ಮಗ್ಗದಲ್ಲಿ ಕೂತರೆ, ಅಂಚಿನ ಲಾಳಿ ಎಸೆಯಲು ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಹತ್ತು ವರ್ಷದವಳಿದ್ದಾಗಿನಿಂದ ಕಾಲೇಜು ಮುಗಿಯುವ ತನಕ ಆ ಪಕ್ಕದ ಜಾಗ ಇವಳದು. ಅಮಾವಾಸ್ಯೆಯ ದಿನ ಅವರು ಮಗ್ಗ ಮುಟ್ಟುವುದಿಲ್ಲ. ಇವಳು ಅವತ್ತು ಕಂಪ್ಯೂಟರನ್ನೂ ಮುಟ್ಟುತ್ತಿರಲಿಲ್ಲ. ನಾನು ರೇಗಿದರೆ, "ಅನ್ನ ಹಾಕೋದು ಇದೂ ಮಗ್ಗನೇ ಅಲ್ವಾ ಸಾರ್?" ಎನ್ನುತ್ತಿದ್ದಳು. ಕೊನೆಗೆ ತಿಂಗಳಿಗೊಂದು ದಿನ ರಜೆ ಕೊಟ್ಟಿದ್ದೆ.

ಇವರಿಬ್ಬರ ಮೇಜು ಅಕ್ಕಪಕ್ಕ. ಟೈಪು ಮಾಡಬೇಕಾದ ಕಾಗದವನ್ನು ನಡುವೆ ಇಟ್ಟುಕೊಂಡು, ಅವಳು ಒಂದು ಸಾಲು ಓದಿ ಹೇಳುವುದು, ಇವರು ಹೊಡೆಯುವುದು, ಅಷ್ಟರಲ್ಲಿ ಅವಳು ತನ್ನ ಕೆಲಸ ನಾಲ್ಕು ಸಾಲು ಮುಂದೂಡುವುದು. ತಾವೊಬ್ಬರೇ ಹೊಡೆಯುವಾಗಲೂ ತಿಪ್ಪೇಸ್ವಾಮಿ ನಿಮಿಷಕ್ಕೊಮ್ಮೆ ಕಾಗದದ ಮೇಲೆ ಬೆರಳಿಟ್ಟು, "ಪದ್ದಮ್ಮ, ಇದೇನಮ್ಮ?" ಎನ್ನುತ್ತಿದ್ದರು. ಅವಳು ಪದವನ್ನೂ ಅದರ ಅರ್ಥವನ್ನೂ ಒಟ್ಟಿಗೆ ಹೇಳಿಬಿಡುತ್ತಿದ್ದಳು. ಬೆರಳಿಡುವುದರೊಳಗೆ ಉತ್ತರ ಬರುತ್ತಿತ್ತು. ಅವಳಿಗೂ ತಿಳಿಯದ್ದಾದರೆ ಅಪ್ಪನ ನಿಘಂಟು ಕೆಳಗಿಳಿಯುತ್ತಿತ್ತು. ಅದರಲ್ಲೂ ಇಲ್ಲವಾದರೆ ಬೆಂಚಿನ ಮೇಲೆ ಕೂತ ಗಿರಾಕಿಗಳೆಲ್ಲ ಬಾಯಿ ಹಾಕುತ್ತಿದ್ದರು. ಒಮ್ಮೆ ಬ್ಯಾಂಕಿನ ಕಾಗದದಲ್ಲಿ 'ಹೈಪಾಥಿಕೇಷನ್' ಎಂದು ಬಂದಾಗ, ವಕೀಲರೊಬ್ಬರ ಗುಮಾಸ್ತೆ ಅದು ಒಂದು ಬಗೆಯ ಅಡಮಾನ ಅಂದ, ಮಂಡಿಯ ಯಜಮಾನರೊಬ್ಬರು ಅದು ಕಾಯಿಲೆ, ನಮ್ಮ ಭಾವನಿಗೆ ಇತ್ತು ಅಂದರು. ವಾದ ಬೀದಿಗೆ ಇಳಿದು, ಚಹಾದವನೂ ಸೇರಿಕೊಂಡು, ನನ್ನ ತಲೆ ಚಿಟ್ಟು ಹಿಡಿಯಿತು.

ನನಗೆ ಗದ್ದಲ ಆಗುವುದಿಲ್ಲ. ಮಿಲ್ಲಿನ ಗಡಗಡ ಸದ್ದಿನಲ್ಲಿ ಬೆಳೆದವನಿಗೆ ಇದೊಂದು ವಿಚಿತ್ರ, ಆದರೆ ಆಗುವುದಿಲ್ಲ. ಯಾವುದೋ ಕಂಪ್ಯೂಟರ್ ಪತ್ರಿಕೆಯಲ್ಲಿ ನಿಘಂಟು ಸರ್ವರಿನ ವಿಷಯ ಓದಿದ್ದೆ. ಅನ್ವರನನ್ನು ಕರೆಸಿದೆ.

"ಅಂದ್ರೆ ಏನಿಲ್ಲ ಸಾವ್ಕಾರ್ರೇ," ಎಂದು ಅವನು ಬೆಂಚಿನ ಮೇಲೆ ಕೂತ. "ನಿಮ್ಮ ಮಷೀನೊಳಗೆ ಡಿಕ್ಷನರಿ ಪೂರ್ತಿ ತುಂಬ್ತೀನಿ. ಉಳಿದೆರಡು ಮಷೀನು ತಂತಿ ಮೇಲೆ ಪದ ಕೇಳ್ತವೆ, ನಿಮ್ದು ಅರ್ಥ ಹೇಳ್ತೈತೆ. ಸಿ.ಡಿ. ಪುಕ್ಕಟೆ ಸಿಕ್ಕೈತೆ. ಆದ್ರೆ ನಿಮ್ಗೆ ಬೇಕಾ ಅಂತ ಮೊದ್ಲು ಯೋಚ್ನೆ ಮಾಡ್ರಿ."

"ಬೇಕೋ ಬೇಡವೋ ಅಂತ ಹೆಂಗಯ್ಯ ತಿಳಿಯೋದು?"

"ಕೇಳೋರು ಒಬ್ರೇ ಆದ್ರೆ ಸರ್ವರ್ ಯಾಕೆ, ಬುಕ್ಕು ಸಾಕು. ಇಂಟರ್ನೆಟ್ಟು ಚೆನ್ನಾಗಿದ್ರೂ ಬೇಡ, ಅಲ್ಲೇ ನೋಡ್ಬೋದು."

ಇಂಟರ್ನೆಟ್ಟಿನ ಮಾತು ಬಂದಾಗ ಇಬ್ಬರೂ ನಕ್ಕೆವು. ಆಗ ಅದು ಫೋನಿನ ತಂತಿಯಲ್ಲಿ ಬರಬೇಕಿತ್ತು. ಕೊಯ್ಯೋ ಎಂದು ಕೂಗಿ ಕೂಗಿ ಅಂತೂ ಹತ್ತಿಕೊಂಡರೆ ಗಾಳಿ ಬೀಸಿದ ಕೂಡಲೇ ಕಡಿದು ಹೋಗುತ್ತಿತ್ತು. ಹತ್ತಿಕೊಂಡಷ್ಟು ಹೊತ್ತೂ ಗಿರಾಕಿಗಳ ಫೋನು ಬರುತ್ತಿರಲಿಲ್ಲ.

"ಕರೆಂಟು ಹೋದ್ರೆ?" ಎಂದೆ.

"ಕರೆಂಟು ಹೋದ್ರೆ ಮೂರೂ ಮಲಗ್ತವೆ. ಕೇಳೋರ್ಯಾರು? ಆದ್ರೆ ನಿಮ್ಮ ಮಷೀನು ಒಂದೇ ಬಂದಾದ್ರೆ ಉಳಿದೆರಡಕ್ಕೂ ಬಾಯಿ ಕಟ್ತೈತೆ, ಅದು ತಿಳ್ಕಳ್ರಿ. ಇನ್ನೊಂದು, ಇದು ಇಂಗ್ಲಿಷಿಗೆ ಇಂಗ್ಲಿಷೇ. ಕನ್ನಡ ಇಲ್ಲ."

ಇಷ್ಟೆಲ್ಲ ಕೇಳಿದ ಮೇಲೆ ಬುದ್ಧಿ ಇದ್ದವನು ಬೇಡ ಅನ್ನಬೇಕಿತ್ತು. ನನಗೆ ಬೇಕಿತ್ತು. ಹೊಸ ಯಂತ್ರದ ಚಪಲ ಎಂದು ಮೊದಲೇ ಹೇಳಿದೆನಲ್ಲ.

"ಹಂಗಾದ್ರೆ ಒಂದು ತಿಂಗ್ಳು ನೋಡ್ರಿ," ಎಂದ ಅನ್ವರ್. "ಯಾವ ಮಷೀನು ಯಾವತ್ತು ಯಾವ ಪದ ಕೇಳ್ತು ಅಂತ ಅದೇ ಪಟ್ಟಿ ಬರ್ಕಂತೈತೆ. ತಿಂಗ್ಳಾದ ಮೇಲೆ ಪಟ್ಟಿ ತೆಗೆದು ನೋಡಿದ್ರೆ ಬೇಕೋ ಬೇಡ್ವೋ ಸಾಫ್ ಗೊತ್ತಾಗ್ತೈತೆ."

ಸರ್ವರ್ ಕೂತಿತು. ನಾನು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅಪ್ಪನ ನಿಘಂಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. 'ಪದಗಳನ್ನು ಯಂತ್ರಕ್ಕೆ ಕೇಳಿ, ಗಟ್ಟಿಯಾಗಿ ಕೇಳಬೇಡಿ' ಎಂದು ದೊಡ್ಡಕ್ಷರದಲ್ಲಿ ಅಚ್ಚು ತೆಗೆದು ಗೋಡೆಗೆ ಅಂಟಿಸಿದೆ. ಪಕ್ಕದವರಿಗೆ ಓದಿ ಹೇಳುವುದೂ ಬೇಡ, ಅವರವರ ಕೆಲಸ ಅವರವರಿಗೆ ಎಂದು ಅಪ್ಪಣೆ ಮಾಡಿದೆ. ಮೇಜುಗಳನ್ನು ಎರಡು ಮೊಳ ದೂರ ಸರಿಸಿದೆ.

ಅಂಗಡಿ ತಣ್ಣಗಾಯಿತು. ಮೊದಲ ವಾರ ನನಗೆ ಹಿಗ್ಗೋ ಹಿಗ್ಗು.

ಎರಡನೇ ವಾರದ ಹೊತ್ತಿಗೆ ಕೆಲಸ ಹಿಂದೆ ಬೀಳತೊಡಗಿತು. ಹಿಂದೆ ಬಿದ್ದದ್ದು ತಿಪ್ಪೇಸ್ವಾಮಿಯವರದು. ದಿನಕ್ಕೆ ಇಪ್ಪತ್ತು ಪುಟ ಹೊಡೆಯುತ್ತಿದ್ದವರು ಆರಕ್ಕೆ ಇಳಿದರು. ಕಾಗದ ಹಿಡಿದುಕೊಂಡು ಎದ್ದು ಹೊರಗೆ ಬಿಸಿಲಿಗೆ ಹೋಗಿ ನಿಲ್ಲುವುದು, ಮೂಗಿನ ಹತ್ತಿರ ಹಿಡಿದು ಏನೋ ಗುನುಗುವುದು, ಮತ್ತೆ ಬಂದು ನಾಲ್ಕು ಸಾಲು ಹೊಡೆಯುವುದು, ಮತ್ತೆ ಏಳುವುದು. ಹೊಸದು ಕಲಿಯಲು ಅಭಿಮಾನ ಅಡ್ಡ ಬಂದು ಬೇಕೆಂದೇ ಸತಾಯಿಸುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಒಂದು ದಿನ ಗಿರಾಕಿಗಳು ಬೆಂಚು ತುಂಬ ಕೂತಿದ್ದಾಗ ರೇಗಿಯೇಬಿಟ್ಟೆ.

"ತಿಪ್ಪೇಸ್ವಾಮಿ, ತಿಳಿಯದಿದ್ದರೆ ಮಷೀನಿಗೆ ಕೇಳ್ರೀ ಅಂತ ಎಷ್ಟು ಸಲ ಹೇಳೋದು? ಅದೇನು ನಿಮ್ಮನ್ನ ಕಚ್ಚುತ್ತಾ?"

ಅವರು ತಲೆ ಎತ್ತದೆ, "ಅದ್ರ ಜೊತೆ ನಂಗೆ ಮಾತು ಬರಲ್ಲ ಸಾವ್ಕಾರ್ರೆ" ಎಂದರು.

ಬೆಂಚಿನ ಮೇಲಿದ್ದವರು ನಕ್ಕರು. ನನಗೆ ಅದು ಕೊಂಕಾಗಿ ಕೇಳಿಸಿತು. "ಹಂಗಾದ್ರೆ ಮುಂದಿನ ತಿಂಗಳಿಂದ ಮಾತು ಬರೋ ಕಡೆ ಕೆಲಸ ನೋಡಿಕೊಳ್ಳೋದು ಒಳ್ಳೇದು" ಎಂದೆ. ಇಪ್ಪತ್ತು ವರ್ಷ ಜೊತೆಗಿದ್ದವರಿಗೆ ನಾನು ಆಡಿದ ಮಾತು ಅದು. ಪದ್ಮಾವತಿ ಒಮ್ಮೆ ನನ್ನ ಕಡೆ ನೋಡಿದಳು. ಏನೋ ಹೇಳಲು ಬಾಯಿ ತೆಗೆದವಳು ಗೋಡೆಯ ಮೇಲಿನ ಬರಹ ನೋಡಿ ಸುಮ್ಮನಾದಳು.

ಮಾರನೆಯ ದಿನ ಅಮಾವಾಸ್ಯೆ. ಪದ್ಮಾವತಿಗೆ ರಜೆ. ತಿಪ್ಪೇಸ್ವಾಮಿ ಬಂದು ತಮ್ಮ ಜಾಗದಲ್ಲಿ ಕೂತಿದ್ದರು. ಸರ್ವರ್ ಹಾಕಿ ತಿಂಗಳಾಗಿತ್ತು. ಪಟ್ಟಿ ತೆಗೆದೆ.

ನನ್ನ ಮಷೀನಿನಿಂದ ಹೋದ ಪದಗಳು ಒಂಬತ್ತು. ಅದರಲ್ಲಿ ನಾಲ್ಕು ಸಲ ಕೇಳಿದ್ದು ನನ್ನದೇ ಹೆಸರು, ಸುಮ್ಮನೆ ನೋಡೋಣ ಎಂದು. ತಿಪ್ಪೇಸ್ವಾಮಿಯವರ ಮಷೀನಿನಿಂದ ಒಂದೂ ಇಲ್ಲ. ತಿಂಗಳಿಡೀ ಒಂದೇ ಒಂದು ಪದ ಇಲ್ಲ! ಸಿಕ್ಕಿಬಿದ್ದರು ಎಂದು ಒಳಗೊಳಗೇ ಖುಷಿಯಾಯಿತು. ನನ್ನ ಈ ಸ್ವಭಾವವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಉಳಿದದ್ದೆಲ್ಲ ಪದ್ಮಾವತಿಯದು, ಪುಟಗಟ್ಟಲೆ. ಕೋರ್ಟಿನ ಪದ, ಬ್ಯಾಂಕಿನ ಪದ, ವಿಮೆಯ ಪದ. ಅವುಗಳ ನಡುವೆ ಒಂದು ಮಧ್ಯಾಹ್ನದ ಸಾಲುಗಳು ಬೇರೆ ಥರ ಇದ್ದವು.

ಗ್ಲಾಕೋಮ. ಆಪ್ಟಿಕ್. ನರ್ವ್. ಡ್ಯಾಮೇಜ್. ಇರ್ರಿವರ್ಸಿಬಲ್. ಆಮೇಲೆ ರಿವರ್ಸಿಬಲ್. ಆಮೇಲೆ ರಿವರ್ಸ್. ಮತ್ತೆ ಇರ್ರಿವರ್ಸಿಬಲ್. ಒಂದು ಗಂಟೆ ಬಿಟ್ಟು ಮತ್ತೆ ಅದೇ. ಕಳೆದ ವಾರ ಒಂದು ದಿನ ಮತ್ತೆ ಅದೇ.

ಆ ಪದವನ್ನು ನಾನೂ ಹೊಡೆದು ನೋಡಿದೆ. ಇಂಗ್ಲಿಷಿಗೆ ಇಂಗ್ಲಿಷು. ರಿವರ್ಸಿಬಲ್ ಅಲ್ಲದ್ದು ಎಂದು ಬಂತು. ರಿವರ್ಸಿಬಲ್ ಎಂದರೆ ರಿವರ್ಸ್ ಮಾಡಬಹುದಾದ್ದು. ಹುಡುಗಿ ಒಂದೊಂದೇ ಮೆಟ್ಟಿಲು ಇಳಿದು ಹೋಗಿ, ಮತ್ತೆ ಹತ್ತಿ ಬಂದಿದ್ದಳು. ಬೀರು ತೆಗೆದು ಅಪ್ಪನ ನಿಘಂಟು ನೋಡಿದೆ. 'ಹಿಂದಿನಂತೆ ಮಾಡಲಾಗದ' ಎಂದಿತ್ತು. ಗ್ಲಾಕೋಮ ಎಂದರೆ ಕಣ್ಣಿನ ಕಾಯಿಲೆ, ಆದರೆ ಆ ತಿಂಗಳಲ್ಲಿ ಬಂದ ಗಿರಾಕಿಗಳ ಯಾವ ಕಾಗದದಲ್ಲೂ ಕಣ್ಣಿನ ವಿಷಯ ಇರಲಿಲ್ಲ. ಅಂದರೆ ಇದು ಅವಳದೇ ಕಾಯಿಲೆ. ಇನ್ನೂ ಇಪ್ಪತ್ನಾಲ್ಕು ದಾಟದ ಹುಡುಗಿ, ದಿನವಿಡೀ ಪರದೆಯ ಮುಂದೆ ಕೂರುವವಳು. ಈಗ ಓದಿ ಹೇಳುವವರೂ ಇಲ್ಲದಂತೆ ನಾನೇ ಮಾಡಿದ್ದೇನೆ ಎಂದುಕೊಂಡೆ. ತಿಪ್ಪೇಸ್ವಾಮಿಯವರಿಗೆ ಅಂಗಡಿ ನೋಡಿಕೊಳ್ಳಿ ಎಂದಷ್ಟೇ ಹೇಳಿ ಸ್ಕೂಟರ್ ಹತ್ತಿದೆ.

ತಳಕು, ಬಿ.ಜಿ. ಕೆರೆ ದಾಟಿ ಮೊಳಕಾಲ್ಮೂರು ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಬೇರೆ ದಿನವಾದರೆ ಅವರ ಬೀದಿಯ ಪ್ರತಿ ಮನೆಯಿಂದಲೂ ಲಟಕ್ ಲಟಕ್ ಎಂಬ ಮಗ್ಗದ ಸದ್ದು ಕೇಳಬೇಕು. ಅವತ್ತು ಬೀದಿಗೆ ಬೀದಿಯೇ ಸುಮ್ಮನಿತ್ತು. ಪದ್ಮಾವತಿಯ ಅಪ್ಪ ಜಗಲಿಯ ಮೇಲೆ ಕೂತಿದ್ದರು. "ಬರ್ರಿ ಸಾರ್, ಬರ್ರಿ" ಎಂದು ಎದ್ದು, ಒಳಗೆ ತಿರುಗಿ ಹೆಂಡತಿಗೆ ತೆಲುಗಿನಲ್ಲಿ ಕಾಫಿಗೆ ಹೇಳಿದರು. ಪದ್ಮಾವತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದವಳು ನನ್ನನ್ನು ಕಂಡು ಗಾಬರಿಯಾದಳು.

"ನಿನ್ನ ಕಣ್ಣಿಗೆ ಏನಾಗಿದೆಯಮ್ಮ?" ಎಂದೆ. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ.

ಅವಳಿಗೆ ಮೊದಲು ತಿಳಿಯಲಿಲ್ಲ. ಪಟ್ಟಿಯ ವಿಷಯ ಹೇಳಿದೆ. ಅವಳು ಮಗ್ಗದ ಕಂಬ ಹಿಡಿದುಕೊಂಡು ನಿಂತಳು.

"ನನ್ನ ಕಣ್ಣಲ್ಲ ಸಾರ್. ತಿಪ್ಪೇಸ್ವಾಮಿ ಮಾಮಂದು."

ಆಮೇಲೆ ಒಂದೊಂದಾಗಿ ಹೇಳಿದಳು. ಅವರಿಗೆ ಕಾಗದದ ಮೇಲಿನ ಅಕ್ಷರ ಸರಿಯಾಗಿ ಕಾಣುವುದು ನಿಂತು ವರ್ಷವೇ ಆಗಿತ್ತಂತೆ. "ಇದೇನಮ್ಮ" ಎಂದು ಬೆರಳಿಟ್ಟು ಕೇಳುತ್ತಿದ್ದದ್ದು ಅರ್ಥಕ್ಕಲ್ಲವಂತೆ.

"ಅವ್ರಿಗೆ ಅರ್ಥ ನನಗಿಂತ ಚೆನ್ನಾಗಿ ಗೊತ್ತು ಸಾರ್. ಓದ್ಸಿಕೊಳ್ತಾ ಇದ್ರು ಅಷ್ಟೆ. ನಾನೂ ಗೊತ್ತಿಲ್ದಂಗೆ ಓದ್ತಾ ಇದ್ದೆ. ಮಷೀನಿಗೆ ಕೇಳ್ಬೇಕಂದ್ರೆ ಮೊದ್ಲು ಆ ಪದ ಕಣ್ಣಿಗೆ ಕಾಣ್ಬೇಕಲ್ಲ ಸಾರ್?"

ನಾನು ಕೂತಲ್ಲೇ ಕುಗ್ಗಿದೆ. ನಾಚಿಕೆ ಎಂಬ ಪದ ಸಣ್ಣದಾಯಿತು, ಆದರೆ ನನ್ನ ಹತ್ತಿರ ಬೇರೆ ಪದ ಇಲ್ಲ.

ನಾನು ಗೋಡೆಗೆ ಬರಹ ಅಂಟಿಸಿದ ಮೇಲೆ ತಿಪ್ಪೇಸ್ವಾಮಿ ಹೆದರಿ, ಯಾರಿಗೂ ಹೇಳದೆ ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿಯ ಚೀಟಿಯನ್ನು ಇವಳ ಮೇಜಿನ ಮೇಲೆ ಮೆಲ್ಲಗೆ ಸರಿಸಿ, ಏನು ಬರೆದಿದ್ದಾರೆ ನೋಡಮ್ಮ ಎಂದಿದ್ದರು. ಇವಳು ಒಂದೊಂದೇ ಪದ ಯಂತ್ರಕ್ಕೆ ಕೇಳಿದಳು. ಕಣ್ಣಿನ ನರ ಹಾಳಾಗಿದೆ, ಹೋದದ್ದು ಮತ್ತೆ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಹನಿ ಹಾಕುತ್ತಲೇ ಇರಬೇಕು ಎಂದು ಬರೆದಿತ್ತು.

"ಬಾಯಿ ಬರ್ಲಿಲ್ಲ ಸಾರ್. ಮೊದ್ಲೇ ಅವ್ರು ಸರಿಯಾಗಿ ಊಟ ಮಾಡ್ತಿರ್ಲಿಲ್ಲ. ಈ ಬಾಟ್ಲಿ ಮುಗಿಯೋದ್ರೊಳಗೆ ಸರಿ ಹೋಗ್ತೈತೆ ಮಾಮ ಅಂದ್ಬಿಟ್ಟೆ. ಬಾಟ್ಲಿ ಮುಗ್ದು ವಾರ ಆತು. ಇನ್ನೊಂದು ತಗಳ್ತಾ ಇಲ್ಲ. ಸುಳ್ಳು ಹೇಳಿದೆ ಅಂತ ಈಗ ಹೆಂಗೆ ಹೇಳ್ಲಿ? ಹೇಳ್ದಿದ್ರೆ ಇರೋ ಕಣ್ಣೂ ಹೋಗ್ತೈತೆ." ಅವಳು ಅಳಲು ಶುರು ಮಾಡಿದಳು.

ಅವಳಪ್ಪ ಕಾಫಿಯ ಲೋಟ ತಂದು ನನ್ನ ಮುಂದಿಟ್ಟರು. "ಇದ್ರಾಗೆ ಮುಚ್ಚುಮರೆ ಏನೈತೆ ಸಾರ್," ಎಂದರು. "ನಮ್ಮಲ್ಲಿ ಒಂದು ಸೀರೆಗೆ ಇಬ್ರು ಕೂರ್ತೀವಿ. ಯಾರ ಕಣ್ಣು, ಯಾರ ಕೈ ಅಂತ ಸೀರೆ ಕೊಂಡೋರು ಕೇಳ್ತಾರಾ? ಕಾಫಿ ಕುಡೀರಿ, ಆರ್ತೈತೆ."

ಕಾಫಿ ಕುಡಿದೆ. ನಾನೇ ಹೇಳುತ್ತೇನೆ, ನೀನು ನಾಳೆ ಎಂದಿನ ಬಸ್ಸಿಗೆ ಬಾ ಎಂದು ಪದ್ಮಾವತಿಗೆ ಹೇಳಿ ಬಂದೆ.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಗೋಡೆಯ ಬರಹ ಹರಿದೆ, ಮೇಜುಗಳನ್ನು ಮತ್ತೆ ಒಟ್ಟಿಗೆ ಸೇರಿಸಿದೆ. ತಿಪ್ಪೇಸ್ವಾಮಿ ಬಂದು ನೋಡಿ ತಮ್ಮ ಜಾಗದಲ್ಲಿ ಕೂತರು. ನಾನು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಮೊನ್ನೆ ಆಡಿದ್ದು ತಪ್ಪಾಯ್ತು ತಿಪ್ಪೇಸ್ವಾಮಿ. ನೀವು ಎಲ್ಲಿಗೂ ಹೋಗಬೇಕಾಗಿಲ್ಲ. ನಿಮ್ಮ ಆಸ್ಪತ್ರೆ ಚೀಟಿ ವಿಷಯ ಗೊತ್ತಾಯ್ತು."

ಅವರ ಬೆರಳುಗಳು ಕೀಲಿಗಳ ಮೇಲೆ ನಿಂತವು. "ಪದ್ದಮ್ಮ ಹೇಳಿದ್ಲಾ?"

"ಅವಳಾಗಿ ಹೇಳಲಿಲ್ಲ. ಮಷೀನು ಹೇಳ್ತು." ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೋದ ದೃಷ್ಟಿ ಬರುವುದಿಲ್ಲ. ಉಳಿದದ್ದು ಉಳಿಯಬೇಕಾದರೆ ಹನಿ ಬಿಡುವಂತಿಲ್ಲ.

"ಗೊತ್ತಿತ್ತು ಸಾವ್ಕಾರ್ರೆ" ಎಂದರು ತಿಪ್ಪೇಸ್ವಾಮಿ.

"ಗೊತ್ತಿತ್ತಾ? ಹೆಂಗೆ?"

"ಬೆರಳಿಡೋದ್ರೊಳಗೆ ಅರ್ಥ ಹೇಳೋ ಹುಡುಗಿ. ಅವತ್ತು ಮಧ್ಯಾಹ್ನ ಪೂರ್ತಿ ತಗಂಡ್ಲು. ಕಣ್ಣು ಕಾಣ್ದಿದ್ರೂ ಕಿವಿ ಕೇಳ್ತೈತಲ್ಲ. ಮೂವತ್ತು ವರ್ಷ ಇದೇ ಸದ್ದು ಕೇಳೀನಿ. ಒಂದು ಉದ್ದನೆ ಪದ ಹೊಡೆದ್ಲು. ಆಮೇಲೆ ಅದ್ರ ತಲೆ ಕತ್ತರಿಸಿ ಹೊಡೆದ್ಲು. ಆಮೇಲೆ ಬಾಲನೂ ಕತ್ತರಿಸಿದ್ಲು. ತಿರ್ಗ ಉದ್ದಕ್ಕೆ ಹೊಡೆದ್ಲು. ಒಳ್ಳೆ ಸುದ್ದಿನ ಯಾರಾದ್ರೂ ಅಷ್ಟು ಸಲ ಹುಡುಕ್ತಾರಾ? ಕೊನೆಗೆ ನಗ್ತಾ ಹೇಳಿದ್ಲು, ಸರಿ ಹೋಗ್ತೈತೆ ಮಾಮ ಅಂತ."

"ಎಲ್ಲ ಗೊತ್ತಿದ್ದೂ ಹನಿ ಯಾಕ್ರೀ ನಿಲ್ಲಿಸಿದ್ರಿ?"

ತಿಪ್ಪೇಸ್ವಾಮಿ ಜೇಬಿನಿಂದ ಆಸ್ಪತ್ರೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟರು.

"ಒಂದು ಬಾಟ್ಲಿಗೆ ಸರಿ ಹೋಗ್ತೈತೆ ಅಂದಿದ್ಲಲ್ಲ. ಇನ್ನೊಂದು ತಂದ್ರೆ, ನಂಗೆ ಗೊತ್ತಾಗೈತೆ ಅಂತ ಅವಳಿಗೆ ಗೊತ್ತಾಗ್ತಿತ್ತು. ಪಾಪ, ಎಷ್ಟು ಕಷ್ಟಪಟ್ಟು ಹೇಳಿದ್ಲು."

ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ನಿಮ್ಮಿಬ್ಬರ ದಾಕ್ಷಿಣ್ಯಕ್ಕಿಷ್ಟು ಬೆಂಕಿ ಹಾಕ!" ಎಂದು ಕೂಗಿ, ಚೀಟಿ ಕಸಿದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಮೂಲೆಯ ಔಷಧಿ ಅಂಗಡಿಗೆ ಓಡಿದೆ. ಬಾಟಲಿ ತಂದು ಅವರ ಕೀಲಿಮಣೆಯ ಮೇಲಿಟ್ಟೆ. ಅವರು ಅದನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತರು.

ಎಂದಿನ ಬಸ್ಸಿಗೆ ಪದ್ಮಾವತಿ ಬಂದಳು. ಒಳಗೆ ಕಾಲಿಟ್ಟವಳು ಹರಿದ ಬರಹ ನೋಡಿದಳು, ಸೇರಿಸಿದ ಮೇಜು ನೋಡಿದಳು, ಬಾಟಲಿ ನೋಡಿ ಅಲ್ಲೇ ನಿಂತಳು.

"ಬಾರಮ್ಮ," ಎಂದರು ತಿಪ್ಪೇಸ್ವಾಮಿ. "ನನ್ನ ಕೈ ಅಲ್ಲಾಡ್ತೈತೆ. ನೀನೇ ಹಾಕು."

ಅವಳು ಚೀಲ ಕೆಳಗಿಟ್ಟು ಹತ್ತಿರ ಬಂದಳು. ಅವರು ತಲೆಯನ್ನು ಹಿಂದಕ್ಕೆ ಒರಗಿಸಿದರು. ಒಂದೊಂದು ಕಣ್ಣಿಗೆ ಒಂದೊಂದು ಹನಿ ಹಾಕಿದಳು. ಅವರು ಕಣ್ಣು ಮುಚ್ಚಿಕೊಂಡೇ, ಎಂದಿನಂತೆ ಚೀಟಿಯ ಮೇಲೆ ಅಂದಾಜಿಗೆ ಬೆರಳಿಟ್ಟು ಕೇಳಿದರು.

"ದಿನಕ್ಕೆ ಎಷ್ಟು ಸಲ ಅಂತ ಬರೆದೈತಮ್ಮ?"

"ಎರಡು ಸಲ ಮಾಮ."

"ಎಷ್ಟು ದಿನ?"

ಅವಳು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ.

"ಇರೋವರ್ಗೂ ಮಾಮ" ಎಂದಳು, ಅಂಗಡಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.